ಮೂರು ವರ್ಷ ತಿಂದ ಅಂಟಿನುಂಡಿ

ರಾಯಚೂರು ಸೀಮೆಯಲ್ಲಿ ಸ್ವೆಟರ್ ತೊಟ್ಟುಕೊಂಡು ಹೊಲಿಗೆ ಮಷಿನ್ ತುಳಿದವಳು ಬಹುಶಃ ನಾನೊಬ್ಬಳೇ ಇರಬೇಕು. ಅದೂ ಚಳಿಗಾಲದ ನಡುವೆ ಅಲ್ಲ. ದಸರೆ ಆಗಷ್ಟೇ ಮುಗಿದಿರುತ್ತಿತ್ತು, ಹಗಲು ಇನ್ನೂ ಕಾಯುತ್ತಲೇ ಇರುತ್ತಿತ್ತು. ಹತ್ತಿ ಬಿಡಿಸಲು ಹೋಗುವ ಹೆಂಗಸರು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ, ನಾನು ಒಳಗೆ ಕಂದು ಬಣ್ಣದ ಉಣ್ಣೆ ಸ್ವೆಟರಿನಲ್ಲಿ ಕುಳಿತು ಅವರದೇ ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತಿದ್ದೆ. ಕೆಲವರು ನಿಂತು ನೋಡಿ ನಗುತ್ತಿದ್ದರು. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಈಗ ಆ ಕಾಯಿಲೆಯ ಹೆಸರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ಹೇಳುತ್ತಾರೆ. ಥೈರಾಯ್ಡ್. ನಮ್ಮ ಓಣಿಯಲ್ಲೇ ಬೇಕಾದಷ್ಟು ಹೆಂಗಸರು ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಗುಳಿಗೆ ನುಂಗುತ್ತಾರೆ, ಆಮೇಲೆ ಚಹಾಕ್ಕೆ ಇಡುತ್ತಾರೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಬ್ಬರಿಗೆ ಗೊತ್ತಿತ್ತು. ನನಗೆ ಬಂದದ್ದು ಅದೇ ಎನ್ನುವುದೂ ಗೊತ್ತಿತ್ತು. ಮೂರು ವರ್ಷ ಅವರು ನನಗೆ ಹೇಳಲಿಲ್ಲ. ಒಬ್ಬರು ನನ್ನ ಗಂಡ, ಇನ್ನೊಬ್ಬಳು ನನ್ನ ಹೆತ್ತವ್ವ.

ಕಾಯಿಲೆಯನ್ನು ನಾನು ಎಂದೋ ಒಪ್ಪಿಕೊಂಡೆ. ಅದರ ಸಂಗಡ ಬದುಕುವುದು ಏನೂ ಕಷ್ಟವಲ್ಲ. ಒಪ್ಪಿಕೊಳ್ಳಲಾಗದ್ದು ಬೇರೆ.

ನನ್ನ ಹೆಸರು ನೀಲಮ್ಮ. ಹುಟ್ಟಿದ್ದು ಮಾನ್ವಿ, ಕೊಟ್ಟದ್ದು ದೇವದುರ್ಗಕ್ಕೆ. ಮದುವೆಗೆ ಮೊದಲೇ ಹೊಲಿಗೆ ಕಲಿತಿದ್ದೆ, ಕುಪ್ಪಸಕ್ಕೆ ಕೈ ಚೆನ್ನಾಗಿ ಕೂತಿತ್ತು. ನಮ್ಮನೆಯವರು ಹತ್ತಿ ಜಿನ್ನಿನಲ್ಲಿ ಗುಮಾಸ್ತರು. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಮನೆಯಲ್ಲಿ ದೊಡ್ಡ ದನಿ ಅಂದರೆ ಅತ್ತೆಯದು. ಹೊಲ, ಕುರಿ, ಕೂಲಿಯವರು, ಎಲ್ಲವನ್ನೂ ಗಂಡ ಸತ್ತ ಮೇಲೆ ಒಬ್ಬರೇ ನಡೆಸಿದ ಹೆಂಗಸು. ಅವರು ನಡುಮನೆಯಲ್ಲಿ ಕೆಮ್ಮಿದರೆ ಹಿತ್ತಲಲ್ಲಿದ್ದ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಎಲ್ಲ ಶುರುವಾದದ್ದು ಒಂದು ಮಾತಿನಿಂದ. ತುರ್ತು ಪರಿಸ್ಥಿತಿ ಮುಗಿದ ವರ್ಷ ಅದು. ನನಗೆ ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಮೈ ಭಾರ, ಕಣ್ಣಿನ ಕೆಳಗೆ ಬಾವು, ಎಷ್ಟು ಮಲಗಿದರೂ ಇನ್ನೂ ಮಲಗಬೇಕು. ಹೊತ್ತು ಹುಟ್ಟುವ ಮೊದಲೇ ಏಳುವ ಅತ್ತೆಗೆ ನನ್ನ ನಿದ್ದೆ ಕಣ್ಣಿಗೆ ಬಿತ್ತು. ಹಿತ್ತಲಿಗೆ ಬಂದು ಕೇಳಿದರು.

"ಯಾಕಬೇ, ದಸರಿ ಹೋತು, ನೀ ಕಡಿಗಾಗಿದ್ದು ನಾ ನೋಡೇ ಇಲ್ಲಲ್ಲ?"

ಕಡಿಗಾಗುವುದು ಅಂದರೆ ನಮ್ಮಲ್ಲಿ ಮುಟ್ಟಾಗಿ ದೂರ ಕೂರುವುದು. ನಾನು ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

"ನಿಂತಾವ್ರಿ ಅತ್ತಿ."

ಇಪ್ಪತ್ತಮೂರರ ಹುಡುಗಿಗೆ ಅಷ್ಟಾದರೂ ಬುದ್ಧಿ ಬೇಡವೇ? ನಮ್ಮ ಕಡೆ ಮದುವೆಯಾದವಳು 'ನಿಂತಾವು' ಅಂದರೆ ಅದಕ್ಕೆ ಒಂದೇ ಅರ್ಥ. ನಿಂತದ್ದು ಯಾಕೋ ಗೊತ್ತಿಲ್ಲ ಎಂದು ಮುಂದೆ ಹೇಳುವಷ್ಟರಲ್ಲಿ ಅತ್ತೆ ನನ್ನ ಗದ್ದ ಹಿಡಿದು ಎತ್ತಿದ್ದರು. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೂ ಹಾಗೇ ಇರಬಹುದು ಅನ್ನಿಸಿಬಿಟ್ಟಿತು. ಇರಲಿ ಅಂತಲೂ ಅನ್ನಿಸಿತು.

ಶೀಗಿ ಹುಣ್ಣಿಮೆಯ ದಿನ ಬಂಡಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಪೈರು ಹೊಡೆ ತುಂಬಿರುವ ಕಾಲ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಸಜ್ಜೆ ಕಡುಬು, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ಎಲ್ಲವನ್ನೂ ಕಲಸಿ ಭೂಮಿತಾಯಿಯ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿದರು. ಆಮೇಲೆ ಅತ್ತೆ ನನ್ನನ್ನು ಬನ್ನಿಗಿಡದ ಬುಡದಲ್ಲಿ ಕೂರಿಸಿ, ಮೊದಲ ತುತ್ತು ತಾವೇ ಬಾಯಿಗಿಟ್ಟು, ಸುತ್ತ ನಿಂತ ಬೀಗರು ಬಿಜ್ಜರಿಗೆಲ್ಲ ಕೇಳುವಂತೆ ಹೇಳಿದರು. "ಈ ಸಲ ನಮ್ಮ ಹೊಲದಾಗ ಇಬ್ರು ಬಸುರ್ಯಾರು."

ಹನ್ನೆರಡು ದಿನಕ್ಕೆ ರಕ್ತ ಹೋಯಿತು. ನೋಡಲು ಬಂದ ನರ್ಸಮ್ಮ, ಇದು ಬಸುರೇ ಆಗಿರಲಿಲ್ಲ, ಮುಟ್ಟು ತಡವಾಗಿ ಬಂದಿದೆ ಅಷ್ಟೇ ಎಂದಳು. ಸುದ್ದಿ ಕೇಳಿ ಮಾನ್ವಿಯಿಂದ ಅವ್ವ ಓಡಿ ಬಂದಳು. ಅವಳು ಹೊಸ್ತಿಲು ದಾಟುವ ಮೊದಲೇ ಅತ್ತೆಯ ದನಿ ಹಂಚು ಹಾರುವಂತೆ ಎದ್ದಿತು.

"ಊರ ಮುಂದ ನನ್ನ ಮಾರಿ ಕೆಡಿಸಿದ್ರಿ ತಾಯಿ ಮಗಳು! ರೋಗದ ಹೆಣ್ಣನ್ನ ನಮ್ಮ ಕೊರಳಿಗೆ ಕಟ್ಟಿರೇನು? ನನ್ನ ಮಗಗ ಇನ್ನೊಂದು ನೋಡೂದು ದೊಡ್ಡ ಮಾತಲ್ಲ, ತಿಳ್ಕೋರಿ."

ಅವ್ವ ತಂದಿದ್ದ ಗಂಟನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದಳು. ಆ ಮಾತು ಅವಳ ಎದೆಯಲ್ಲಿ ಎಷ್ಟು ಆಳಕ್ಕೆ ಹೋಯಿತು ಎನ್ನುವುದು ನನಗೆ ಅಂದು ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮನೆಯವರೇ ಮುಂದಾಗಿ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದರು. ಆಗ ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬಸ್ಸಿನಲ್ಲಿ ಅವರ ಭುಜಕ್ಕೆ ತಲೆ ಆನಿಸಿ ದಾರಿಯುದ್ದಕ್ಕೂ ಮಲಗಿದೆ. ಹೆಂಗಸರ ಡಾಕ್ಟರಮ್ಮನ ದವಾಖಾನೆ ಒಂದು ಹಳೆಯ ಮನೆಯ ಪಡಸಾಲೆಯಲ್ಲಿತ್ತು. ಗೋಡೆಗುಂಟ ಮರದ ಬೆಂಚು, ಬೆಂಚಿನ ತುಂಬ ಹೊಟ್ಟೆ ಹೊತ್ತ ಹೆಂಗಸರು. ಅವರ ನಡುವೆ ಸ್ವೆಟರ್ ತೊಟ್ಟು ಖಾಲಿ ಹೊಟ್ಟೆಯವಳು ನಾನು. ಪಕ್ಕದವಳು ನನ್ನ ಬಾವು ನೋಡಿ "ನಿಮಗೆಷ್ಟು ತಿಂಗಳ್ರಿ?" ಎಂದು ಕೇಳಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಕಾಯಿಲೆಗಿಂತ ಆ ಬೆಂಚೇ ನನಗೆ ಹೆಚ್ಚು ನೋವು ಕೊಟ್ಟಿತು.

ಡಾಕ್ಟರಮ್ಮ ಪ್ರಶ್ನೆಗಳನ್ನು ಕೇಳಿದರು. ಕೂದಲು ಉದುರುತ್ತದೆಯೇ, ಚಳಿ ಆಗುತ್ತದೆಯೇ, ದನಿ ದಪ್ಪ ಆಗಿದೆಯೇ. ರಬ್ಬರಿನ ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಕೊರಳು ಮುಟ್ಟಿ ನೋಡಿ, ಉಗುಳು ನುಂಗು ಎಂದರು. ನಾನು ಅಳತೆಯ ಟೇಪು ಹಿಡಿದವಳು, ನನ್ನ ಕೊರಳ ಸುತ್ತು ಹೆಚ್ಚಾದದ್ದು ನನಗೇ ಗೊತ್ತಿತ್ತು. ಹೇಳಿದೆ. ಆಕೆ ನಕ್ಕು, "ನೀನು ಅರ್ಧ ಡಾಕ್ಟರೇ ಇದ್ದೀಯಲ್ಲ" ಎಂದರು. ರಕ್ತ ತೆಗೆದು ಹೈದರಾಬಾದಿಗೆ ಕಳಿಸುತ್ತೇವೆ, ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಹದಿನೈದು ದಿನ ಬಿಟ್ಟು ನಮ್ಮನೆಯವರು ಒಬ್ಬರೇ ಹೋದರು. ನನಗೆ ಬಸ್ಸಿನ ಕುಲುಕಾಟ ಆಗುವುದಿಲ್ಲ ಎಂದರು, ನಾನೂ ಹೂಂ ಅಂದೆ. ಸಂಜೆ ಬರಬೇಕಾದವರು ಮರುದಿನ ಮಧ್ಯಾಹ್ನ ಬಂದರು. ಬಸ್ಸು ಕೆಟ್ಟಿತ್ತಂತೆ.

"ಏನಂದ್ರು ರೀ?"

"ಏನಿಲ್ಲಂತ. ಮೈಗೆ ತಂಡಿ ಬಿದ್ದದಂತ. ಕಾವಿನ ಪದಾರ್ಥ ತಿನ್ಸ್ರಿ, ತಾನ ಸರಿ ಹೋಗ್ತದ ಅಂದ್ರು."

ತಂಡಿ ಬಿದ್ದಿದೆ. ಎಷ್ಟು ಸರಿಯಾದ ಮಾತು ಅನ್ನಿಸಿತು ನನಗೆ! ಬಿಸಿಲಲ್ಲಿ ನಡುಗುವವಳಿಗೆ ಇನ್ನೇನು ಹೇಳಬೇಕು? ನಮ್ಮ ಹೆಂಗಸರ ಅರ್ಧ ವೈದ್ಯವೇ ಕಾವು ಮತ್ತು ತಂಪಿನದು. ಮುಟ್ಟು ತಡವಾದರೆ ಕಾವು ಕೊಡು, ಹೆಚ್ಚಾದರೆ ತಂಪು ಕೊಡು. ದೊಡ್ಡ ಡಾಕ್ಟರಮ್ಮನೂ ಅದನ್ನೇ ಹೇಳಿದರಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಅತ್ತೆಯೂ ಸ್ವಲ್ಪ ಮೆತ್ತಗಾದರು.

ವಾರದೊಳಗೆ ಅವ್ವ ತಗಡಿನ ಡಬ್ಬಿ ಹಿಡಿದುಕೊಂಡು ಬಂದಳು. ತುಂಬ ಅಂಟಿನುಂಡಿ. ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ ತುರಿದು ಹುರಿದು, ಉತ್ತತ್ತಿ ಕುಟ್ಟಿ, ಅಳವಿ ಬೀಜ, ಗಸಗಸೆ, ಒಣಶುಂಠಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದ ಉಂಡಿ. ಬಾಣಂತಿಗೆ ಕೊಡುವುದು ಅದು. ಹಡೆಯದವಳಿಗೆ ಅವ್ವ ಬಾಣಂತಿಯ ಉಂಡಿ ತಂದಿದ್ದಾಳೆ ಎಂದು ನನಗೆ ನಗು ಬಂತು. ಅವಳು ನಗಲಿಲ್ಲ.

"ದಿನಾ ಎರಡು ತಿನ್ನು ನನ್ನವ್ವಾ. ತಪ್ಪಸಬ್ಯಾಡ. ಆಣಿ ಮಾಡು."

ಆಣೆ ಮಾಡಿದೆ.

ಅಲ್ಲಿಂದ ಮೂರು ವರ್ಷ ನಾನು ಕಾವು ತಿಂದೆ. ದಸರೆ ಮುಗಿದರೆ ಸಾಕು, ಅವ್ವನ ಡಬ್ಬಿ ಬಸ್ಸಿನಲ್ಲಿ ಬರುತ್ತಿತ್ತು. ಸಜ್ಜೆ ರೊಟ್ಟಿಗೆ ಎಳ್ಳು ಒತ್ತಿ, ಗುರೆಳ್ಳು ಪುಡಿಗೆ ಬಿಸಿ ಎಣ್ಣೆ ಹಾಕಿ, ಹುರುಳಿ ಕಟ್ಟಿಗೆ ಮೆಣಸು ಜಜ್ಜಿ ಹಾಕಿ ತಿಂದೆ. ಮಜ್ಜಿಗೆ ಮುಟ್ಟಲಿಲ್ಲ, ಬಾಳೆಹಣ್ಣು ಮುಟ್ಟಲಿಲ್ಲ. ರುಚಿಗೇನೂ ಕೊರತೆ ಇರಲಿಲ್ಲ. ಬೆಳಿಗ್ಗೆ ಉಂಡಿ ತಿಂದು ಬಿಸಿ ಹಾಲು ಕುಡಿದಾಗ ಹೊಟ್ಟೆಯಲ್ಲಿ ಒಂದು ಹಿತವಾದ ಬಿಸಿ ಕೂರುತ್ತಿತ್ತು. ಅದು ಒಂದು ಗಳಿಗೆ ಇರುತ್ತಿತ್ತು, ಆಮೇಲೆ ಮತ್ತೆ ಸ್ವೆಟರ್. ಮಷಿನ್ ತುಳಿಯಲು ಕಾಲು ಬರುತ್ತಿರಲಿಲ್ಲ. ಎರಡು ದಿನದ ಕುಪ್ಪಸಕ್ಕೆ ವಾರ ಹಿಡಿಯುತ್ತಿತ್ತು. ಹೇಳಿದ ಮಾತು ಮರೆಯುತ್ತಿದ್ದೆ, ಒಮ್ಮೆ ಒಬ್ಬಾಕೆಯ ಕುಪ್ಪಸಕ್ಕೆ ಎರಡೂ ಎಡಗೈ ಹೊಲಿದು ಕೊಟ್ಟೆ. ನನಗೆ ಹುಚ್ಚು ಹಿಡಿಯುತ್ತಿದೆ ಅಂತ ಹೆದರಿದೆ. ಆದರೂ ಗುಣವಾಗದಿದ್ದದ್ದಕ್ಕೆ ಯಾರನ್ನು ಬೈದೆ? ನನ್ನನ್ನೇ. ಯಾವ ದಿನ ಉಂಡಿ ತಪ್ಪಿಸಿದೆ, ಯಾವ ದಿನ ಹಸಿ ಸೌತೆಕಾಯಿ ತಿಂದೆ ಎಂದು ಲೆಕ್ಕ ಹಾಕಿ ಹಾಕಿ ನನ್ನ ಮೇಲೇ ತಪ್ಪು ಹೊರಿಸಿಕೊಂಡೆ.

ಎರಡನೆಯ ವರ್ಷ ನಿಜವಾಗಿಯೂ ಬಸುರಾದೆ. ಈ ಸಲ ನರ್ಸಮ್ಮನೇ ಹೇಳಿದಳು. ಐದನೆಯ ತಿಂಗಳು, ಮಹಾನವಮಿಯ ಹಿಂದಿನ ದಿನ, ಹೋಯಿತು. ಗಂಡು ಕೂಸು. ಅತ್ತೆ ತಮ್ಮ ಹಳೆಯ ಮೆತ್ತನೆಯ ಸೀರೆ ಹರಿದು, ಅದರಲ್ಲಿ ಸುತ್ತಿ, ಯಾರ ಕೈಗೂ ಕೊಡದೆ ತಾವೇ ಹೊಲಕ್ಕೆ ಒಯ್ದರು. ಬಂದ ಮೇಲೆ ಒಂಬತ್ತು ದಿನ ನನ್ನ ಸಂಗಡ ಮಾತಾಡಲಿಲ್ಲ. ಸಿಟ್ಟು ಎಂದುಕೊಂಡೆ. ಇನ್ನೊಂದು ಹೆಣ್ಣು ನೋಡುತ್ತಾರೆ ಎಂದುಕೊಂಡು ದಿನವೂ ಬಾಗಿಲ ಕಡೆ ಕಿವಿ ಇಟ್ಟು ಮಲಗಿದ್ದೆ. ಅವ್ವ ಬಂದು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಹೋಗುವಾಗ ಉಂಡಿಯ ಡಬ್ಬಿ ತಲೆದಿಂಬಿನ ಪಕ್ಕ ಇಟ್ಟು ಹೋದಳು.

ನನ್ನನ್ನು ಬದುಕಿಸಿದ್ದು ಪಕ್ಕದ ಮನೆಯ ಮೆಹರುನ್ನೀಸಾ. ಅವಳ ಗಂಡನಿಗೆ ಬಜಾರಿನಲ್ಲಿ ಕಿರಾಣಿ ಅಂಗಡಿ. ನಮ್ಮ ಮನೆಗೆ ಅಂಟು, ಉತ್ತತ್ತಿ ಹೆಚ್ಚಿಗೆ ಬೇಕಾದಾಗ ಅಲ್ಲಿಂದಲೇ ತರುತ್ತಿದ್ದೆವು. ಮೂರನೆಯ ವರ್ಷ ದಸರೆ ಆದ ಮೇಲೆ ಒಂದು ದಿನ ಅವಳು ಕುಪ್ಪಸದ ಬಟ್ಟೆ ಹಿಡಿದು ಬಂದವಳು, ಬಟ್ಟೆ ಅಲ್ಲೇ ಬಿಟ್ಟು ನನ್ನ ಎದುರು ಕೂತಳು.

"ಯಾ ಅಲ್ಲಾ! ಏನ್ ನೀಲಮ್ಮಾ, ನನ್ನ ಸೊಸಿ ನಲವತ್ತು ದಿನಾ ಈ ಉಂಡಿ ತಿಂದು ಕುದುರಿ ಆದ್ಲು. ನೀ ಮೂರು ವರ್ಷಾತು ತಿನ್ನಾಕತ್ತಿ, ಇನ್ನಾ ಸ್ವೆಟರ್ ಬಿಟ್ಟಿಲ್ಲ. ಇದು ತಂಡಿ ಅಲ್ಲವ್ವಾ, ಬ್ಯಾರೆ ಏನೋ ಅದ. ನಡಿ, ಆ ಡಾಕ್ಟರಮ್ಮನ ತಾವs ಹೋಗೋಣು."

"ಇವರನ್ನ ಕೇಳಬೇಕು."

"ನಕ್ಕೋ! ಕೇಳಬ್ಯಾಡ. ಕೇಳಿದ್ರ ಇಲ್ಲೇ ಕುಂದರ್ತಿ."

ಅತ್ತೆಗೆ ರಾಯಚೂರಿನಲ್ಲಿ ಲೈನಿಂಗ್ ಬಟ್ಟೆ, ಹುಕ್ಕು ತರಬೇಕೆಂದು ಹೇಳಿ ಬೆಳಗಿನ ಬಸ್ಸು ಹತ್ತಿದೆವು.

ಅದೇ ಪಡಸಾಲೆ, ಅದೇ ಬೆಂಚು. ಒಳಗೆ ಹೋದಾಗ ಡಾಕ್ಟರಮ್ಮ ನನ್ನ ಮುಖವನ್ನೂ ಕೊರಳನ್ನೂ ನೋಡಿದರು. ಆಮೇಲೆ ಹಳೆಯ ದಪ್ಪ ರಿಜಿಸ್ಟರು ತರಿಸಿ ಹಾಳೆ ತಿರುವಿದರು. ದೇವದುರ್ಗದ ನೀಲಮ್ಮ. ಹೆಸರಿನ ಮುಂದೆ ಬೆರಳಿಟ್ಟು ತಲೆ ಎತ್ತಿದರು. ದನಿಯಲ್ಲಿ ಸಿಟ್ಟಿತ್ತು.

"ಗುಳಿಗಿ ಎಷ್ಟು ದಿನ ತಗೊಂಡು ಬಿಟ್ಟಿ?"

"ಯಾವ ಗುಳಿಗಿ ರೀ?"

"ನಾ ಬರಕೊಟ್ಟಿದ್ದು. ದಿನಾ ಬೆಳಿಗ್ಗೆ ಒಂದು. ಬಿಡಬಾರದು, ಜೀವನಪೂರ್ತಿ ತಗೋಬೇಕು ಅಂತ ಎರಡು ಸಲ ಹೇಳಿ ಕಳಿಸಿದ್ದೆ ನಿಮ್ಮ ಯಜಮಾನರಿಗೆ."

"ನನಗ ಮೈಗೆ ತಂಡಿ ಬಿದ್ದದ ಅಂದ್ರಿ. ಕಾವಿನ ಪದಾರ್ಥ ತಿನ್ನು ಅಂದ್ರಿ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಇಳಿದಿತ್ತು. ಕೊರಳಲ್ಲಿರುವ ಗ್ರಂಥಿ ಮೈಗೆ ಕಾವು ಕೊಡುವ ಒಲೆ ಇದ್ದ ಹಾಗೆ, ನಿನ್ನದು ತಣ್ಣಗಾಗಿದೆ ಎಂದು ನಿನ್ನ ಗಂಡನಿಗೆ ತಿಳಿಯಲಿ ಅಂತ ನಾನೇ ಹೇಳಿದ್ದೆ ಎಂದರು. ಗುಳಿಗೆ ಇಲ್ಲದೆ ಆ ಒಲೆ ಹತ್ತುವುದಿಲ್ಲ ಎಂದೂ ಹೇಳಿದ್ದರಂತೆ. ನನ್ನ ಮನೆಗೆ ಬಂದದ್ದು ಆ ಮಾತಿನ ಮೊದಲ ಅರ್ಧ ಮಾತ್ರ.

ಒಂದೇ ಒಂದು ಪ್ರಶ್ನೆ ಬಾಯಿಗೆ ಬಂತು. "ಹೋದ ವರ್ಷ ನನಗ ಐದು ತಿಂಗಳಿಂದು ಹೋತ್ರಿ. ಗುಳಿಗಿ ತಗೊಂಡಿದ್ರ ಅದು ಉಳೀತಿತ್ತೇನ್ರಿ?"

ಆಕೆ ರಿಜಿಸ್ಟರು ಮುಚ್ಚಿದರು. "ಅದನ್ನ ಯಾರೂ ಹೇಳಾಕ ಬರಂಗಿಲ್ಲಮ್ಮಾ" ಎಂದರು. ಉಳಿಯುತ್ತಿರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಅವರು ಸುಳ್ಳು ಹೇಳುವ ಪೈಕಿ ಅಲ್ಲ. ಚೀಟಿಯನ್ನು ನನ್ನ ಕೈಯಲ್ಲೇ ಕೊಟ್ಟು, ಬೆರಳು ಮಡಚಿ ಮುಚ್ಚಿದರು. "ಉಂಡಿ ತಿನ್ನು, ಬ್ಯಾಡ ಅನ್ನಂಗಿಲ್ಲ. ಗುಳಿಗಿ ಬಿಟ್ಟು ಉಂಡಿ ತಿನಬ್ಯಾಡ."

ತಿರುಗಿ ಬರುವ ಬಸ್ಸಿನಲ್ಲಿ ಮೆಹರುನ್ನೀಸಾ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ನಾನು ಯೋಚಿಸುತ್ತಿದ್ದುದು ಆ ಕೆಟ್ಟು ನಿಂತ ಬಸ್ಸನ್ನು. ವರದಿ ತರಲು ಹೋದವರು ಒಂದು ರಾತ್ರಿ ಎಲ್ಲಿದ್ದರು? ಅವರು ಬಂದ ವಾರದೊಳಗೆ ಅವ್ವನಿಗೆ ಕಾವಿನ ಉಂಡಿ ಕಟ್ಟಬೇಕೆಂದು ಹೇಳಿದವರು ಯಾರು? ನಾನು ಕಾಗದ ಬರೆದಿರಲಿಲ್ಲ. ಮಾನ್ವಿಯ ದಾರಿ ಕವಲೊಡೆಯುವ ಕಲ್ಮಲದಲ್ಲಿ ಬಸ್ಸು ನಿಂತಾಗ ಎದ್ದುಬಿಟ್ಟೆ. "ನೀ ಹೋಗು. ನಮ್ಮವ್ವಗ ಮೈಯಾಗ ಆರಾಮ ಇಲ್ಲ, ಮಾನ್ವಿಗೆ ಹೋದ್ಲು ಅಂತ ನಮ್ಮತ್ತಿಗೆ ಹೇಳು" ಎಂದು ಇಳಿದೆ. ಮಾನ್ವಿಯ ಬಸ್ಸು ಬರುವತನಕ ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಸುತ್ತಲಿನ ಜೋಳದ ಹೊಲಗಳ ಮೇಲೆ ಬಿಸಿಲು ಕುಣಿಯುತ್ತಿತ್ತು, ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು.

ಅವ್ವ ಅಂಗಳದಲ್ಲಿ ಮೊರ ಹಿಡಿದು ಅಳವಿ ಬೀಜ ಹಸನು ಮಾಡುತ್ತಿದ್ದಳು. ಇನ್ನೊಂದು ಡಬ್ಬಿಗೆ. ನನ್ನ ಕೈಯಲ್ಲಿದ್ದ ಚೀಟಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಅದು ಏನೆಂದು ಅವಳಿಗೆ ಗೊತ್ತಿತ್ತು. ಮೊರ ಕೆಳಗಿಟ್ಟಳು.

"ಅವತ್ತು ಇಲ್ಲಿಗೆ ಬಂದಿದ್ರೇನು ಅವರು?"

"ಬಂದಿದ್ರು."

"ಗುಳಿಗಿ ತಗೋಬೇಕಂತ ಹೇಳಿದ್ರೇನು?"

"ಹೇಳಿದ್ರು. ಸಾಯೂತನ ನುಂಗಬೇಕಂತ, ಹೆಂಗ ಮಾಡೂದು ಅಂತ ಕೇಳಿದ್ರು. ನಾನs ಬ್ಯಾಡ ಅಂದೆ. ಅಳಿಯನ ಕಾಲು ಹಿಡ್ಕೊಂಡೆ ನೀಲವ್ವಾ. ಅತ್ತಿ ಅಳಿಯನ ಕಾಲು ಹಿಡಿದಿದ್ದು ಎಲ್ಲ್ಯಾರ ಕೇಳೀಯೇನು? ನಾ ಹಿಡಿದೆ."

"ಯಾಕವ್ವಾ?"

"ನಿಮ್ಮತ್ತಿ ಮಾತು ನೀ ಕೇಳಿಲ್ಲೇನು? ರೋಗದ ಹೆಣ್ಣು ಅಂದ್ಲು. ಇನ್ನೊಂದು ನೋಡ್ತೀನಿ ಅಂದ್ಲು. ದಿನಾ ಬೆಳಿಗ್ಗೆ ನೀ ಗುಳಿಗಿ ನುಂಗೂದು ಆಕಿ ಕಣ್ಣಿಗೆ ಬಿದ್ದಿದ್ರ ಬಿಡ್ತಿದ್ಲೇನು? ಗುಳಿಗಿ ಕಂಡ್ರ ಮಂದಿ ಕೇಳ್ತಾರ. ಉಂಡಿ ಕಂಡ್ರ ಯಾರು ಕೇಳ್ತಾರ?"

ಅವಳು ನನ್ನ ಕೇಡು ಬಯಸಿರಲಿಲ್ಲ. ಹಾಗೆ ಬಯಸಿದ್ದರೆ ಸುಲಭ ಇತ್ತು, ಜಗಳ ಮಾಡಿ ಋಣ ಹರಿದುಕೊಂಡು ಬರುತ್ತಿದ್ದೆ. ಅವಳು ನಿಜವಾಗಿಯೂ ಉಂಡಿಯಿಂದ ಗುಣವಾಗುತ್ತದೆ ಎಂದು ನಂಬಿದ್ದಳು. ಪ್ರತಿ ಉಂಡಿ ಕಟ್ಟುವಾಗ ದೇವರ ಹೆಸರು ಹೇಳುತ್ತಿದ್ದಳಂತೆ. ನಾನು ಕೂಸು ಕಳೆದುಕೊಂಡು ಅವಳ ತೊಡೆಯ ಮೇಲೆ ಮಲಗಿದ್ದಾಗಲೂ ಅವಳಿಗೆ ಗೊತ್ತಿತ್ತು, ಆಗಲೂ ಹೇಳಲಿಲ್ಲ. ಅದನ್ನು ಕೇಳಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡಳು.

"ಆವಾಗ ಹೇಳಿದ್ರ ನೀ ನನ್ನ ಮಾರಿ ನೋಡ್ತಿದ್ದಿಲ್ಲ."

ಅದು ನಿಜ. ನಾನು ಅವಳ ಮುಖ ನೋಡದೆಯೇ ಎದ್ದೆ. ಆ ವರ್ಷದ ಡಬ್ಬಿಯನ್ನು ತೆಗೆದುಕೊಳ್ಳಲಿಲ್ಲ. ಮುಂದೆ ಒಂದು ವರ್ಷ ಮಾನ್ವಿಯ ಹೊಸ್ತಿಲು ತುಳಿಯಲಿಲ್ಲ.

ಗಂಡನನ್ನು ಕೇಳಿದಾಗ ಇನ್ನೂ ಕೆಟ್ಟದಾಯಿತು. ಅವ್ವನಿಗಾದರೂ ಒಂದು ಹೆದರಿಕೆ ಇತ್ತು, ಒಂದು ನಂಬಿಕೆ ಇತ್ತು. ಇವರಿಗೆ ಎರಡೂ ಇರಲಿಲ್ಲ. ಓದಿದವರು. ಗುಳಿಗೆ ಬೇಕೇ ಬೇಕು ಎಂದು ಕಿವಿಯಾರೆ ಕೇಳಿ ಬಂದವರು.

"ನಿಮ್ಮವ್ವ ಕಾಲು ಹಿಡಿದ್ಲು, ನಾ ಏನ್ ಮಾಡ್ಲಿ?" ಎಂದರು. "ನಮ್ಮವ್ವನ ಜೋಡಿ ದಿನಾ ಜಗಳ ಯಾರು ಆಡಬೇಕು? ಆರಾಮ ಆದ್ರ ಆಗ್ಲಿ ಅಂತ ಬಿಟ್ಟೆ."

ಬಿಟ್ಟೆ. ನನ್ನ ಜೀವದ ಮಾತನ್ನು ಆ ಮನುಷ್ಯ ಜಗಳ ಬೇಡ ಅಂತ ಬಿಟ್ಟಿದ್ದರು. ಚೀಟಿ ಎಲ್ಲಿ ಎಂದು ಕೇಳಿದೆ. ಮಾನ್ವಿ ಬಸ್ಸಿನ ಕಿಟಕಿಯಿಂದ ಹಾರಿಸಿಬಿಟ್ಟೆ ಎಂದರು. ಸಿಟ್ಟು ಕಡಿಮೆ ಇರುವ ಗಂಡ ಸಿಕ್ಕಿದ್ದಾನೆಂದು ಗೆಳತಿಯರೆದುರು ಕೊಚ್ಚಿಕೊಂಡವಳು ನಾನು. ಅವರದು ತಾಳ್ಮೆಯಲ್ಲ, ಸೋಮಾರಿತನ ಎಂದು ಅಂದು ಗೊತ್ತಾಯಿತು. ಮರುವಾರದಿಂದ ಅವರೇ ರಾಯಚೂರಿನಿಂದ ಗುಳಿಗೆ ತಂದುಕೊಡತೊಡಗಿದರು, ಒಂದು ತಿಂಗಳೂ ತಪ್ಪಿಸಲಿಲ್ಲ. ಪ್ರಾಯಶ್ಚಿತ್ತ ಎಂದು ಅವರು ತಿಳಿದಿರಬಹುದು. ನನಗೆ ಅದು ಗುಳಿಗೆ, ಅಷ್ಟೇ.

ಗುಣ ಬಂದದ್ದು ಕಳ್ಳನ ಹಾಗೆ, ಸದ್ದಿಲ್ಲದೆ. ಆರನೆಯ ವಾರ ಒಂದು ಮಧ್ಯಾಹ್ನ ಮಷಿನ್ ತುಳಿಯುತ್ತಿದ್ದಾಗ ಮೇಲ್ದುಟಿಯ ಮೇಲೆ ಏನೋ ಹರಿದಂತಾಯಿತು. ಒರೆಸಿ ನೋಡಿದರೆ ಬೆವರು. ಮೂರು ವರ್ಷದ ಮೇಲೆ ನನಗೆ ಬೆವರು ಬಂದಿತ್ತು. ಸ್ವೆಟರ್ ಬಿಚ್ಚಿ ಗೋಡೆಯ ಗೂಟಕ್ಕೆ ಹಾಕಿ, ಒಬ್ಬಳೇ ಕೂತು ಅತ್ತುಬಿಟ್ಟೆ. ಆಮೇಲೆ ಮುಟ್ಟು ತಿಂಗಳು ತಿಂಗಳು ಬರತೊಡಗಿತು. ಬಾಚಣಿಗೆಯಲ್ಲಿ ಕೂದಲು ಕಡಿಮೆಯಾಯಿತು. ಮರೆವು ಹೋಯಿತು, ಹುಚ್ಚಿಯಲ್ಲ ಎಂದು ಖಾತ್ರಿಯಾಯಿತು. ಸಜ್ಜೆ ರೊಟ್ಟಿ, ಎಳ್ಳು, ಹುರುಳಿ ಕಟ್ಟು ಏನನ್ನೂ ನಾನು ಬಿಡಲಿಲ್ಲ, ಇಂದಿಗೂ ಬಿಟ್ಟಿಲ್ಲ. ಗುಳಿಗೆ ನುಂಗಿ ಒಂದು ತಾಸು ಬಿಟ್ಟು ತಿಂದರೆ ಅವು ಎಷ್ಟು ರುಚಿ! ಇದನ್ನು ಓದುವ ಯಾವಳಾದರೂ ತಂಗಿ ಮೈಗೆ ತಂಡಿ ಎಂದು ಕೂತಿದ್ದರೆ ನಾನು ಹೇಳುವುದು ಇಷ್ಟೇ. ನಿನ್ನ ವರದಿ ತರಲು ನೀನೇ ಹೋಗು. ಬಸ್ಸು ಕುಲುಕಿದರೆ ಕುಲುಕಲಿ.

ಇಷ್ಟೆಲ್ಲ ಬೈದವಳು ನಾನು ಮಾಡಿದ್ದೇನು ಗೊತ್ತೇ? ಗುಳಿಗೆಯ ಸೀಸೆಯನ್ನು ಮಷಿನ್ನಿನ ಸೆಳೆಖಾನೆಯಲ್ಲಿ, ಬಾಬಿನ್ನುಗಳ ಕೆಳಗೆ ಮುಚ್ಚಿಟ್ಟೆ. ಅತ್ತೆ ಹಿತ್ತಲಿಗೆ ಹೋದಾಗ ನುಂಗುತ್ತಿದ್ದೆ. ಅವ್ವ ಹೆದರಿದ್ದ ಹೆದರಿಕೆಯೇ ನನ್ನೊಳಗೂ ಕೂತಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಅಷ್ಟರಲ್ಲಿ ಮತ್ತೆ ಬಸುರಾದೆ. ನಾಲ್ಕು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಅತ್ತೆ ಹರಿದ ಗೋಣಿಚೀಲ ಹೊಲಿಯಲು ದಬ್ಬಣ ಹುಡುಕುತ್ತ ಸೆಳೆಖಾನೆ ಎಳೆದರು. ನಾನು ಒಲೆಯ ಮುಂದಿದ್ದೆ. ತಿರುಗಿದಾಗ ಅವರ ಕೈಯಲ್ಲಿ ಸೀಸೆ ಇತ್ತು. ಮುಖ ಬಿಳಿಚಿಕೊಂಡಿತ್ತು.

"ಇದೇನಬೇ? ಹೊಟ್ಟಿಲಿದ್ದಾಕಿ ಏನ ತಿನ್ನಾಕತ್ತಿ ಕದ್ದು? ಕೂಸು ಬ್ಯಾಡಾಗ್ಯಾದೇನು ನಿನಗ?"

ಬಸುರು ಇಳಿಸಿಕೊಳ್ಳುವ ಗುಳಿಗೆ ಎಂದು ಅವರು ತಿಳಿದಿದ್ದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಅಲ್ರಿ ಅತ್ತಿ. ಕೂಸು ಉಳೀಲಿ ಅಂತನ ತಿನ್ನಾಕತ್ತೀನಿ. ನನ್ನ ಕೊರಳಾಗ ರೋಗ ಅದ. ದಿನಾ ಒಂದು ನುಂಗಬೇಕು, ಸಾಯೂತನ."

ಈಗ ಸಿಡಿಲು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅತ್ತೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ನುಂಗಿದ್ರ ಕೂಸು ಉಳೀತದೇನು?"

"ಉಳೀಬಹುದು ಅಂದಾರ್ರಿ."

"ಹಂಗಾರ ಆ ಕೂಸು ಇದ್ದಾಗ ಯಾಕ ನುಂಗಲಿಲ್ಲ?"

ಎಲ್ಲವನ್ನೂ ಹೇಳಿದೆ. ರಾಯಚೂರಿನ ವರದಿ, ಮಾನ್ವಿಯ ಅಂಗಳ, ಅವರದೇ ಮಗನ ಮೌನ, ಅವ್ವನ ಉಂಡಿ. ಅವರು ಹೊಸ್ತಿಲಲ್ಲಿ ನಿಂತು ಆಡಿದ ಮಾತನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ದೊಡ್ಡದಾಗಿತ್ತು.

"ನನಗ ಅಂಜಿ?" ಎಂದರು ಕೊನೆಗೆ. "ಮೂರು ಮಂದಿನೂ ನನಗ ಅಂಜಿ?"

ನಾನು ಹೌದೆಂದು ತಲೆ ಆಡಿಸಿದೆ.

"ಸಿಟ್ಟಿನಾಗ ಬಾಯಿಗೆ ಬಂದಂಗ ಅಂದಿದ್ದೆ. ಮರುದಿನ ಮರತೇ ಬಿಟ್ಟಿದ್ದೆ ನಾ." ಅವರು ಸೀಸೆಯನ್ನು ಸೆರಗಿನಿಂದ ಒರೆಸುತ್ತಿದ್ದರು, ಅದಕ್ಕೆ ಧೂಳೇ ಇರಲಿಲ್ಲ. "ಆ ಕೂಸನ್ನ ಹೊಲಕ್ಕ ಒಯ್ದಾಕಿ ನಾನು. ಮುಷ್ಟಿ ಅಷ್ಟು ಮಾರಿ, ಮೂಗು ನಮ್ಮನಿ ಮೂಗು. ನನಗ ಹೇಳಿದ್ರ ದಿನಾ ಬೆಳಿಗ್ಗೆ ನಾನs ಎಬ್ಬಿಸಿ ನುಂಗಸ್ತಿದ್ನಲ್ಲಬೇ."